ಸ್ಟೆಂಟ್ ಹಾಕಿ ಏಳು ವಾರ, ದವಡೆ ಹಲ್ಲಿನಲ್ಲಿ ಕೀವು: ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸದೆ ಕೀಳಬಹುದೇ?

ಮದ್ದೂರು ದಂತ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 58 ವರ್ಷದ ಗಂಡಸು, ವ್ಯವಸಾಯ. ಏಳು ವಾರದ ಹಿಂದೆ ಹಾರ್ಟ್ ಅಟ್ಯಾಕ್ ಆಗಿದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದ್ದಾರೆ. ಅಲ್ಲಿ ಆಂಜಿಯೋಗ್ರಾಂ ಮಾಡಿ ಹೃದಯದ ಮುಂಭಾಗದ ನಾಳಕ್ಕೆ (ಎಲ್‌ಎಡಿ) ಒಂದು ಔಷಧಲೇಪಿತ ಸ್ಟೆಂಟ್ ಹಾಕಿದ್ದಾರೆ. ಈಗ ತೆಗೆದುಕೊಳ್ಳುತ್ತಿರುವುದು ರಕ್ತ ತೆಳುವಾಗಿಸಲು ಎಕೋಸ್ಪ್ರಿನ್ (ಆಸ್ಪಿರಿನ್) 75 ಮತ್ತು ಟಿಕಾಗ್ರೆಲಾರ್ 90 ದಿನಕ್ಕೆ ಎರಡು ಸಲ, ರಾತ್ರಿ ಅಟಾರ್ವಾಸ್ಟಾಟಿನ್ 80, ಮೆಟೊಪ್ರೊಲಾಲ್ 25, ರಾಮಿಪ್ರಿಲ್ 2.5. ಶುಗರ್ ಇದೆ, ಮೆಟ್‌ಫಾರ್ಮಿನ್ ನಡೀತಿದೆ.

ತೊಂದರೆ ಎಡಗಡೆ ಕೆಳದವಡೆಯ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ (ನಮ್ಮ ಲೆಕ್ಕದ 36). ಹುಳುಕು ಬೇರಿನವರೆಗೆ ಇಳಿದಿದೆ, ಹಲ್ಲಿನ ಮೇಲ್ಭಾಗ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಉಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ತಟ್ಟಿದರೆ ನೋವು, ಎಕ್ಸ್‌ರೇನಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ಕೆನ್ನೆ ಸ್ವಲ್ಪ ಊದಿದೆ. ಬಾಯಿ ಪೂರ್ತಿ ತೆರೆಯುತ್ತಾರೆ, ಜ್ವರ ಇಲ್ಲ. ಬಿಪಿ 136/84, ನಾಡಿ 68.

ಕೇಳಬೇಕಾದ್ದು ಮೂರು. ಆರು ತಿಂಗಳು ಕಾಯಲೇಬೇಕಾ? ಮರಗಟ್ಟಿಸಲು ಅಡ್ರಿನಲಿನ್ ಇರುವ ಲಿಗ್ನೋಕೇನ್ ಕೊಡಬಹುದಾ? ಮೂರನೆಯದು, ಹಲ್ಲು ಕೀಳಿಸೋಕೆ ಮುಂಚೆ ಐದು ದಿನ ರಕ್ತದ ಮಾತ್ರೆ ಬಿಡಬೇಕು ಅಂತ ಯಾರೋ ಹೇಳಿ, ನಿನ್ನೆಯಿಂದ ಟಿಕಾಗ್ರೆಲಾರ್ ನಿಲ್ಲಿಸಿಕೊಂಡೇ ಬಂದಿದ್ದಾರೆ. ಮಾತ್ರೆ ಮತ್ತೆ ಶುರುಮಾಡಿಸಲಾ, ಅಥವಾ ನಿಲ್ಲಿಸಿರುವಾಗಲೇ ಕಿತ್ತುಬಿಡಲಾ?

---

ಇಸಿಜಿ ಪಟ್ಟಿ:

ಉಳಿದದ್ದು ಆಮೇಲೆ. ಮೊದಲು ಆ ಮಾತ್ರೆ ನುಂಗಿಸಿ, ಈಗಲೇ, ನಿಮ್ಮ ಕ್ಲಿನಿಕ್ಕಿನಲ್ಲೇ ಕೂತು. ಸ್ಟೆಂಟ್ ಹಾಕಿದ ಘಟಕಕ್ಕೆ ಫೋನ್ ಮಾಡಿ ಎಷ್ಟು ಡೋಸ್ ತಪ್ಪಿದೆ ಅಂತ ಹೇಳಿ. ಮತ್ತೆ ಲೋಡಿಂಗ್ ಡೋಸ್ (ಶುರುವಿನಲ್ಲಿ ಕೊಡುವ ದೊಡ್ಡ ಡೋಸ್) ಬೇಕೇ ಅನ್ನುವುದನ್ನು ಅವರೇ ತೀರ್ಮಾನಿಸಲಿ. "ನಿಲ್ಲಿಸಿರುವಾಗಲೇ ಕಿತ್ತುಬಿಡೋಣ" ಅನ್ನುವ ಯೋಚನೆ ಬೇಡ.

ಕಾರಣ ಇದು. ಸ್ಟೆಂಟಿನ ಲೋಹದ ಜಾಲರಿಯ ಮೇಲೆ ರಕ್ತನಾಳದ ಒಳಪೊರೆ ಬೆಳೆದು ಮುಚ್ಚಲು ತಿಂಗಳುಗಟ್ಟಲೆ ಬೇಕು. ಲೇಪನದ ಔಷಧ ಆ ಬೆಳವಣಿಗೆಯನ್ನೇ ನಿಧಾನ ಮಾಡುತ್ತದೆ. ಅಲ್ಲಿಯವರೆಗೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಅದು ಬರಿಯ ಲೋಹ. ಎರಡು ಮಾತ್ರೆಯ ಕಾವಲು ತೆಗೆದರೆ ಅಲ್ಲೇ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗಬಹುದು. ಎಲ್‌ಎಡಿ ಅಂದರೆ ಹೃದಯದ ಎಡಭಾಗದ ಮುಂಗೋಡೆಗೆ ರಕ್ತ ಕೊಡುವ ನಾಳ. ಹಲ್ಲು ಕಿತ್ತ ಜಾಗದ ರಕ್ತ ಕಣ್ಣಿಗೆ ಕಾಣುತ್ತದೆ, ಬೆರಳಿಟ್ಟು ಒತ್ತಬಹುದು, ಹೊಲಿಯಬಹುದು. ಸ್ಟೆಂಟಿನೊಳಗಿನ ಹೆಪ್ಪಿಗೆ ಬೆರಳು ಎಲ್ಲಿಂದ ಇಡೋದು? ಅಟ್ಯಾಕ್ ಆದವರಿಗೆ ಸ್ಟೆಂಟ್ ಹಾಕಿದ ಮೇಲೆ ಸಾಮಾನ್ಯವಾಗಿ 12 ತಿಂಗಳು ಎರಡೂ ಮಾತ್ರೆ ಇರುತ್ತವೆ. ಹಲ್ಲಿನ ಚಿಕಿತ್ಸೆಗೆಂದು ಇವನ್ನು ನಿಲ್ಲಿಸಬೇಡಿ ಅಂತ 2007ರಲ್ಲೇ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ನೂ ಅಲ್ಲಿನ ಡೆಂಟಲ್ ಅಸೋಸಿಯೇಶನ್ನೂ ಸೇರಿ ಸಲಹೆ ಹೊರಡಿಸಿವೆ. ಆದರೂ ನಮ್ಮಲ್ಲಿ "ಐದು ದಿನ ಬಿಡಿ" ಇನ್ನೂ ಹೋಗಿಲ್ಲ.

ಆರು ತಿಂಗಳ ಲೆಕ್ಕ ಹಳೆಯ ಪಠ್ಯಪುಸ್ತಕದ್ದು, ಆಂಜಿಯೋಪ್ಲಾಸ್ಟಿ ಮನೆಮಾತಾಗುವ ಮುಂಚಿನದು. ಸ್ಟೆಂಟ್ ಹಾಕದೆ ಉಳಿದ ಅಟ್ಯಾಕ್ ಆದರೆ ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗೆ ಕನಿಷ್ಠ 60 ದಿನ ಅಂತ 2014ರ ಅಮೆರಿಕದ ಮಾರ್ಗಸೂಚಿ ಹೇಳಿತ್ತು. ಲೋಕಲ್ (ಆ ಜಾಗ ಮಾತ್ರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು ಒಂದು ಹಲ್ಲು ಕೀಳುವುದು ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯೂ ಅಲ್ಲ. ತಡೆಯಬಹುದಾದ ಕೆಲಸವನ್ನು, ಅಂದರೆ ಇಂಪ್ಲಾಂಟ್, ಕ್ಯಾಪ್, ತೊಂದರೆ ಕೊಡದ ಬುದ್ಧಿಹಲ್ಲು, ಇವನ್ನು ತಡೆಯಿರಿ. ಕೀವು ಕಟ್ಟಿರುವ ಹಲ್ಲನ್ನು ಹಾಗೇ ಬಿಟ್ಟರೆ ನೋವು, ನಿದ್ದೆಗೇಡು, ಸೋಂಕು ಸೇರಿ ಹೃದಯಕ್ಕೇ ಹೊರೆ. ದಿನ ಎಣಿಸುವುದಕ್ಕಿಂತ ರೋಗಿಯನ್ನು ಕೇಳಿ: ಒಂದು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರಾ? ಹತ್ತಿದಾಗ ಎದೆ ಹಿಡಿಯುತ್ತದಾ, ಉಸಿರು ಕಟ್ಟುತ್ತದಾ? ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಾರಾ? ಕಾಲು ಊದುತ್ತದಾ? ಮೆಟ್ಟಿಲನ್ನು ಆರಾಮಾಗಿ ಹತ್ತುವವರಿಗೆ ಏಳು ವಾರಕ್ಕೂ ಕೀಳಬಹುದು. ಹತ್ತಲಾಗದವರಿಗೆ ಏಳು ತಿಂಗಳಾದರೂ ಕ್ಲಿನಿಕ್ಕಿನ ಕುರ್ಚಿ ಸರಿಯಾದ ಜಾಗವಲ್ಲ.

ಡಿಸ್ಚಾರ್ಜ್ ಸಮ್ಮರಿ ತರಿಸಿ ಓದಿ. ಹೆಚ್ಚಿನವರು ಮೊದಲ ಪುಟದ ಡಯಾಗ್ನೋಸಿಸ್ ಮಾತ್ರ ನೋಡುತ್ತಾರೆ. ನಿಮಗೆ ಬೇಕಾದ್ದು ಒಳಗಿದೆ: ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ಎಷ್ಟು, ಉಳಿದ ನಾಳಗಳಲ್ಲಿ ಬ್ಲಾಕ್ ಇದ್ದು ಇನ್ನೊಮ್ಮೆ ಬರಹೇಳಿದ್ದಾರಾ. ಇಎಫ್ 40ಕ್ಕಿಂತ ಕೆಳಗಿದ್ದರೆ, ಇಲ್ಲವೇ ಇನ್ನೊಂದು ನಾಳ ಬಾಕಿ ಇದ್ದರೆ, ಮಾನಿಟರ್ ಇರುವ ಆಸ್ಪತ್ರೆಯ ದಂತ ವಿಭಾಗಕ್ಕೇ ಕಳಿಸಿ.

---

ಚಿಮುಟ:

ಮೇಲಿನದಕ್ಕೆ ನನ್ನದೂ ಸಹಿ. ಕುರ್ಚಿಯ ಪಕ್ಕದ ಕೆಲಸ ನಾನು ಹೇಳುತ್ತೇನೆ. ಇದು ಉದ್ದವಾಗುತ್ತದೆ.

ಹೃದ್ರೋಗ ತಜ್ಞರಿಗೆ ಪತ್ರ ಬರೆಯುವ ರೀತಿಯಿಂದಲೇ ಅರ್ಧ ಗೊಂದಲ ಶುರುವಾಗುತ್ತದೆ. "ಹಲ್ಲು ಕೀಳಲು ಫಿಟ್ ಇದ್ದಾರೆಯೇ?" ಅಂತ ಚೀಟಿ ಕಳಿಸಿದರೆ, ಆ ಕಡೆ ಕೂತವರಿಗೆ ನೀವು ಒಂದು ಹಲ್ಲು ಕೀಳುತ್ತೀರೋ ದವಡೆಯನ್ನೇ ತೆರೆಯುತ್ತೀರೋ ಗೊತ್ತಾಗುವುದಿಲ್ಲ. "ರಿಸ್ಕ್ ಇದೆ, ಮಾತ್ರೆ ನಿಲ್ಲಿಸಿ" ಅಂತ ಬರೆದು ಕೈತೊಳೆದುಕೊಳ್ಳುವುದು ಅವರಿಗೂ ಸುಲಭ. ಹೀಗೆ ಬರೆಯಿರಿ:

"ಕೆಳದವಡೆಯ ಒಂದು ಹಲ್ಲು ತೆಗೆಯಬೇಕಿದೆ. ಲೋಕಲ್ ಅನಸ್ತೇಶಿಯಾ ಮಾತ್ರ. ಒಟ್ಟು ಅಡ್ರಿನಲಿನ್ 40 ಮೈಕ್ರೋಗ್ರಾಂ ಮೀರುವುದಿಲ್ಲ. ಅರ್ಧ ಗಂಟೆಯ ಕೆಲಸ. ರಕ್ತವನ್ನು ಹೊಲಿಗೆ ಮತ್ತು ಜೆಲಟಿನ್ ಸ್ಪಂಜಿನಿಂದ ಅಲ್ಲೇ ತಡೆಯುತ್ತೇವೆ. ಎಕೋಸ್ಪ್ರಿನ್, ಟಿಕಾಗ್ರೆಲಾರ್ ಎರಡನ್ನೂ ಮುಂದುವರಿಸುತ್ತೇವೆ. ದಯವಿಟ್ಟು ತಿಳಿಸಿ: ಈಗಿನ ಇಎಫ್ ಎಷ್ಟು? ಉಳಿದ ನಾಳಗಳ ಸ್ಥಿತಿ ಏನು? ಡಿಸ್ಚಾರ್ಜ್ ನಂತರ ಎದೆನೋವು ಅಥವಾ ಬಡಿತದ ಏರುಪೇರು ಕಂಡಿದೆಯೇ? ಮಾನಿಟರ್ ಬೇಕೇ?"

ಇಂಥ ಪತ್ರಕ್ಕೆ ಬರುವ ಉತ್ತರವೇ ಬೇರೆ.

ಇನ್ನು ಅಡ್ರಿನಲಿನ್. ನಮ್ಮ ಕಡೆ ಸಿಗುವ 30 ಮಿಲಿ ಬಾಟಲಿ ಹೆಚ್ಚಾಗಿ 2% ಲಿಗ್ನೋಕೇನ್, 1:80,000. ಅಂದರೆ ಒಂದು ಮಿಲಿಗೆ 12.5 ಮೈಕ್ರೋಗ್ರಾಂ. ಹೃದ್ರೋಗಿಗೆ ಒಪ್ಪಿತವಾದ ಮಿತಿ 40 ಮೈಕ್ರೋಗ್ರಾಂ, ಆದ್ದರಿಂದ ಇದರಲ್ಲಿ 3.2 ಮಿಲಿ. ನರದ ಬ್ಲಾಕಿಗೆ 1.5, ಕೆನ್ನೆ ಕಡೆಗೆ 0.5 ಕೊಟ್ಟರೆ 25 ಮೈಕ್ರೋಗ್ರಾಂ ಮುಗಿಯಿತು. ಮರಗಟ್ಟದಿದ್ದರೆ ಇನ್ನೂ 1.2 ಮಿಲಿ ಕೈಯಲ್ಲಿದೆ. 1:2,00,000 ಬಾಟಲಿ ಸಿಕ್ಕರೆ ಅದೇ ಮಿತಿಗೆ 8 ಮಿಲಿ ಬರುತ್ತದೆ, ಇಂಥವರಿಗಾಗಿಯೇ ಒಂದನ್ನು ಇಟ್ಟುಕೊಂಡಿರುವುದು ಜಾಣತನ. ಬಾಟಲಿಯ ಲೇಬಲ್ ಓದದೆ ಎಳೆದುಕೊಳ್ಳುವುದೇ ದೊಡ್ಡ ತಪ್ಪು, ಎರಡೂ ನೋಡಲು ಒಂದೇ ಥರ ಇರುತ್ತವೆ.

"ಹೃದಯದ ರೋಗಿ, ಅಡ್ರಿನಲಿನ್ ಬೇಡವೇ ಬೇಡ" ಅಂತ ಪ್ಲೇನ್ ಲಿಗ್ನೋಕೇನ್ ಕೊಡುವವರಿದ್ದಾರೆ. ಪ್ಲೇನ್ ಲಿಗ್ನೋಕೇನ್ ಬೇಗ ಇಳಿದುಹೋಗುತ್ತದೆ. ಹಲ್ಲನ್ನು ಅಲ್ಲಾಡಿಸುತ್ತಿರುವಾಗಲೇ ನೋವು ತಿರುಗಿಬಂದರೆ ರೋಗಿಯ ಸ್ವಂತ ಅಡ್ರಿನಲ್ ಗ್ರಂಥಿಯಿಂದ ಹರಿಯುವ ಅಡ್ರಿನಲಿನ್ ನೀವು ಚುಚ್ಚುವುದಕ್ಕಿಂತ ಹೆಚ್ಚಾಗಬಹುದು. ಜಾಗವೂ ಹೆಚ್ಚು ರಕ್ತ ಸುರಿಸುತ್ತದೆ. ಮಿತಿಯೊಳಗೆ, ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲ ಅಂತ ನೋಡಿ, ಒಂದು ನಿಮಿಷಕ್ಕೆ ಒಂದು ಮಿಲಿಯಂತೆ ನಿಧಾನವಾಗಿ ಕೊಡಿ. ಚುಚ್ಚಿದ ಕೂಡಲೇ "ಎದೆ ಡವಡವ ಅಂತಿದೆ" ಅಂದರೆ ಔಷಧ ನಾಳದೊಳಕ್ಕೆ ಹೋಗಿದೆ. ನಿಲ್ಲಿಸಿ, ಐದು ನಿಮಿಷ ಕಾದು ನಾಡಿ, ಬಿಪಿ ನೋಡಿ. ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ಒತ್ತಿ ಕೊಡುವ ಇಂಜೆಕ್ಷನ್ ಇವರಿಗೆ ಬೇಡ, ಅದು ನಾಳಕ್ಕೆ ಕೊಟ್ಟಷ್ಟೇ ಬೇಗ ರಕ್ತ ಸೇರುತ್ತದೆ. ಕ್ಯಾಪಿನ ಅಳತೆಗೆ ವಸಡು ಸರಿಸುವ ಅಡ್ರಿನಲಿನ್ ದಾರವೂ ಬೇಡ. ನಿಮ್ಮ ರೋಗಿಯ ಮೆಟೊಪ್ರೊಲಾಲ್ ಅಡ್ಡಿಯಲ್ಲ. ಪ್ರೊಪ್ರನೊಲಾಲ್ ಜಾತಿಯ ಮಾತ್ರೆ ಇದ್ದವರಲ್ಲಿ ಮಾತ್ರ ಅಡ್ರಿನಲಿನ್ ಬಿಪಿಯನ್ನು ಏರಿಸಿ ನಾಡಿಯನ್ನು ಇಳಿಸಬಹುದು. ಅಂಥವರಿಗೆ ಇನ್ನೂ ಕಡಿಮೆ.

ವೇಳೆ: ಹತ್ತೂವರೆ, ಹನ್ನೊಂದು. ಅಟ್ಯಾಕ್‌ಗಳು ಮುಂಜಾನೆ ಹೆಚ್ಚು, ಹಾಗಾಗಿ ಎಂಟು ಗಂಟೆಗೆ ಬರಹೇಳಬೇಡಿ. ಸಂಜೆಯೂ ಬೇಡ, ರಕ್ತ ಒಸರಿದರೆ ರಾತ್ರಿ ಹಳ್ಳಿಯಿಂದ ಅವರು ಬರುವುದು ಹೇಗೆ? ಶನಿವಾರ ಮಾಡಿದರೆ ಮಾರನೇ ದಿನ ನೀವೇ ಇರುವುದಿಲ್ಲ. ತಿಂಡಿ ತಿಂದು, ಎಲ್ಲಾ ಮಾತ್ರೆ ನುಂಗಿ ಬರಲಿ. ಹೆದರಿಕೆಗೆ ಹೊಟ್ಟೆ ಖಾಲಿ ಬಿಟ್ಟು ಬರುವ ಶುಗರ್ ರೋಗಿಗಳು ಬಹಳ, ಕುರ್ಚಿಗೆ ಕೂರಿಸುವ ಮುಂಚೆ ಬೆರಳಿನಿಂದ ಶುಗರ್ ನೋಡಿಬಿಡಿ. ಬಿಪಿ 180/110 ದಾಟಿದ್ದರೆ ಅವತ್ತು ಸೂಜಿ ಬೇಡ. ಕುರ್ಚಿ ಅರ್ಧ ಎತ್ತರಿಸಿರಲಿ, ಪೂರ್ತಿ ಮಲಗಿಸಬೇಡಿ. ಟಿಕಾಗ್ರೆಲಾರ್‌ನಿಂದಲೇ ಕೆಲವರಿಗೆ ಉಸಿರು ಸಾಲದ ಹಾಗಾಗುತ್ತದೆ. ಅದು ಮೊದಲಿನಿಂದ ಇದೆಯೋ ಈಗ ಶುರುವೋ ಅಂತ ಮುಂಚೆಯೇ ಕೇಳಿಟ್ಟುಕೊಂಡಿದ್ದರೆ ಆಮೇಲೆ ಗಾಬರಿ ಇಲ್ಲ. ಮುಗಿದ ಮೇಲೆ ಎರಡು ನಿಮಿಷ ಕೂರಿಸಿ ಆಮೇಲೆ ಎಬ್ಬಿಸಿ, ರಾಮಿಪ್ರಿಲ್ ತೆಗೆದುಕೊಳ್ಳುವವರು ಥಟ್ಟನೆ ಎದ್ದರೆ ತಲೆಸುತ್ತಿ ಬೀಳುತ್ತಾರೆ.

ಕೀಳುವುದು ಒಂದೇ ಹಲ್ಲು. ಪಕ್ಕದ್ದೂ ಹಾಳಾಗಿದೆ, ಒಂದೇ ಏಟಿಗೆ ಮುಗಿಸೋಣ ಅನ್ನಬೇಡಿ. ಮೊದಲ ಹಲ್ಲಿನ ರಕ್ತ ಹೇಗೆ ನಿಂತಿತು ಅನ್ನುವುದೇ ಮುಂದಿನದಕ್ಕೆ ದಾರಿ. 36ರ ಎರಡು ಬೇರನ್ನು ಬೇರ್ಪಡಿಸಿ ಒಂದೊಂದಾಗಿ ತೆಗೆದರೆ ಮೂಳೆಗೆ ಪೆಟ್ಟು ಕಡಿಮೆ. ತೆಗೆದ ಮೇಲೆ ಗುಳಿಯ ತಳದಲ್ಲಿ ಕೆಂಪಗೆ ಮೆತ್ತಗೆ ಕೂತಿರುವ ಸೋಂಕಿನ ಮಾಂಸವನ್ನು ಕ್ಯೂರೆಟ್‌ನಿಂದ ಪೂರ್ತಿ ಕೆರೆದು ತೆಗೆಯಿರಿ. "ರಕ್ತ ನಿಲ್ಲುತ್ತಿಲ್ಲ" ಅಂತ ಮಾತ್ರೆಯನ್ನು ಬೈಯುವ ಎಷ್ಟೋ ಸಲ ನಿಜವಾಗಿ ಒಸರುತ್ತಿರುವುದು ಒಳಗೆ ಬಿಟ್ಟ ಈ ಮಾಂಸ. ಗುಳಿಯ ಎರಡೂ ಗೋಡೆಯನ್ನು ಬೆರಳಲ್ಲಿ ಅದುಮಿ. ಜೆಲಟಿನ್ ಸ್ಪಂಜನ್ನು ಗುಳಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ತುಂಬಿ, ಮೇಲೆ 3-0 ರೇಷ್ಮೆ ದಾರದಿಂದ ಎಂಟರ ಆಕಾರದ ಹೊಲಿಗೆ.

ಆಮೇಲೆ ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್. ಇಂಜೆಕ್ಷನ್ ಆಂಪೂಲ್ 5 ಮಿಲಿಯಲ್ಲಿ 500 ಮಿ.ಗ್ರಾಂ, ಅಂದರೆ 10%. ಅದಕ್ಕೆ 5 ಮಿಲಿ ಸಲೈನ್ ಸೇರಿಸಿದರೆ 5%. ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಹೊಲಿಗೆಯ ಮೇಲೆ ಸರಿಯಾಗಿ ಕೂರಿಸಿ 30 ನಿಮಿಷ ಕಚ್ಚಿಸಿ. ನಡುನಡುವೆ ತೆಗೆದು ನೋಡಬೇಡಿ, ನೋಡಿದಾಗಲೆಲ್ಲ ಹೆಪ್ಪು ಕಿತ್ತುಬರುತ್ತದೆ. ಮನೆಗೆ: 500ರ ಮಾತ್ರೆ ಒಂದನ್ನು ಪುಡಿಮಾಡಿ 10 ಮಿಲಿ ನೀರಿನಲ್ಲಿ ಕಲಸಿ, ಎರಡು ನಿಮಿಷ ಬಾಯಲ್ಲಿ ಇಟ್ಟುಕೊಂಡು, ಉಗುಳದೆ ಹಾಗೇ ಬಾಯಿಂದ ಹರಿಯಬಿಡುವುದು, ದಿನಕ್ಕೆ ನಾಲ್ಕು ಸಲ, ಎರಡು ದಿನ. ಇದನ್ನು ನುಂಗಿಸಬೇಡಿ! ಹೊಸ ಸ್ಟೆಂಟ್ ಇರುವವರಿಗೆ ಹೆಪ್ಪನ್ನು ಕರಗಲು ಬಿಡದ ಔಷಧವನ್ನು ಹೊಟ್ಟೆಗೋ ನಾಳಕ್ಕೋ ಕೊಡುವುದು ಮಾತ್ರೆ ನಿಲ್ಲಿಸಿದ್ದಕ್ಕಿಂತ ಒಳ್ಳೆಯದೇನಲ್ಲ. ಚೀಟಿಯಲ್ಲಿ "ಬಾಯಿ ಮುಕ್ಕಳಿಸಲು ಮಾತ್ರ" ಅಂತ ಕನ್ನಡದಲ್ಲೇ ಬರೆದುಕೊಡಿ.

ಒಂದು ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿಕೊಂಡು ನೋಡಿ ಕಳಿಸಿ. ಮೊದಲ ದಿನ ಎಂಜಲು ಗುಲಾಬಿ ಬಣ್ಣಕ್ಕಿರುವುದು ಸಹಜ. ಬಾಯಿ ತುಂಬಿ ಹೆಪ್ಪು ಹೆಪ್ಪಾಗಿ ಬಂದರೆ ಫೋನ್ ಮಾಡಲಿ. ಊಟಕ್ಕೆ ತಣ್ಣಗಿನ ಗಂಜಿ, ಮೊಸರನ್ನ. ಮುದ್ದೆ ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಪೂರ್ತಿ ಆರಿದ ಮುದ್ದೆ, ಬಲಗಡೆಯಿಂದ. ಹೊಗೆಸೊಪ್ಪು, ಎಲೆಅಡಿಕೆ ಇಲ್ಲ. ಮಂಡ್ಯದ ಕಡೆಯವರಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕು, ಕಬ್ಬು ಸಿಗಿದು ಜಗಿಯುವುದು ಎರಡು ವಾರ ಇಲ್ಲ. ಜಗಿದು ರಸ ಹೀರುವಾಗಲೇ ಹೆಪ್ಪು ಮೇಲೆದ್ದು ಬರುವುದು.

---

ಗುಳಿಗೆ:

ಚೀಟಿ ಬರೆಯುವ ಕಡೆಯಿಂದ ಸ್ವಲ್ಪ.

ನೋವಿಗೆ ಪ್ಯಾರಾಸಿಟಮಾಲ್ 650, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರದಂತೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಕೆಟೊರೊಲಾಕ್ ಯಾವುದೂ ಬೇಡ. ಅಟ್ಯಾಕ್ ಆದವರಲ್ಲಿ ಇವು ಮತ್ತೊಂದು ಅಟ್ಯಾಕಿನ ಅಪಾಯವನ್ನೂ, ಎರಡು ರಕ್ತದ ಮಾತ್ರೆಗಳ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ. ಐಬುಪ್ರೊಫೆನ್ ಇನ್ನೊಂದು ಕಿತಾಪತಿ ಮಾಡುತ್ತದೆ. ಪ್ಲೇಟ್‌ಲೆಟ್ಟಿನಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ತಾನು ಮೊದಲು ಕೂತು ಅದನ್ನು ಹೊರಗೇ ನಿಲ್ಲಿಸುತ್ತದೆ. ಮಾತ್ರೆ ನುಂಗಿದ್ದೂ ಆಯಿತು, ಕೆಲಸ ಮಾಡಲಿಲ್ಲ. ನೀವು ಬರೆಯದಿದ್ದರೂ ರೋಗಿಗಳು ಮೆಡಿಕಲ್ ಶಾಪಿನಲ್ಲಿ "ಹಲ್ಲುನೋವಿಗೆ ಒಂದು ಮಾತ್ರೆ" ಅಂತ ಕೇಳಿ ಇವನ್ನೇ ತರುತ್ತಾರೆ, ಪ್ಯಾರಾಸಿಟಮಾಲ್ ಬೆರೆತ ಜೋಡಿ ಮಾತ್ರೆಗಳೊಳಗೆ ಅವಿತಿರುತ್ತವೆ. ಬರುವ ಮುಂಚೆ ಏನು ನುಂಗಿದ್ದಾರೆ ಅಂತ ಸ್ಟ್ರಿಪ್ ತರಿಸಿಯೇ ನೋಡಿ.

ಆಂಟಿಬಯೋಟಿಕ್: ಅಮಾಕ್ಸಿಸಿಲಿನ್ 500 ದಿನಕ್ಕೆ ಮೂರು ಸಲ, ಬೇಕಿದ್ದರೆ ಮೆಟ್ರೊನಿಡಜೋಲ್ 400 ಜೊತೆಗೆ. ಪೆನಿಸಿಲಿನ್ ಆಗದವರಿಗೆ ಕ್ಲಾರಿತ್ರೊಮೈಸಿನ್ ಬರೆಯುವ ಅಭ್ಯಾಸವಿದ್ದರೆ ಇವರಿಗೆ ಬಿಡಿ. ಅದು ಟಿಕಾಗ್ರೆಲಾರನ್ನು ಯಕೃತ್ತಿನಲ್ಲಿ ಒಡೆಯಲು ಬಿಡದೆ ರಕ್ತದಲ್ಲಿ ಏರಿಸುತ್ತದೆ, ಅಟಾರ್ವಾಸ್ಟಾಟಿನ್ 80ನ್ನೂ ಏರಿಸಿ ಸ್ನಾಯು ಕರಗುವ ಮಟ್ಟಕ್ಕೆ ಒಯ್ಯಬಹುದು. ಟಿಕಾಗ್ರೆಲಾರ್ ಬದಲು ಕ್ಲೋಪಿಡೋಗ್ರೆಲ್ ಇರುವವರಿಗೆ ಗ್ಯಾಸಿನ ಮಾತ್ರೆಯಾಗಿ ಒಮೆಪ್ರಜೋಲ್ ಬೇಡ, ಪ್ಯಾಂಟೊಪ್ರಜೋಲ್ ಬರೆಯಿರಿ. ರಕ್ತ ತೆಳುವಾಗಿಸುವ ಬೇರೆ ಜಾತಿಯ ವಾರ್ಫರಿನ್ ಅಥವಾ ಅಸಿಟ್ರಾಮ್ ಇದ್ದವರ ಕಥೆಯೇ ಬೇರೆ: ಮೆಟ್ರೊನಿಡಜೋಲ್ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಅಳತೆ) ಏರಿಸುತ್ತದೆ, ಕೀಳುವ ಹಿಂದಿನ 24 ಗಂಟೆಯೊಳಗಿನ ಐಎನ್‌ಆರ್ ಕೈಯಲ್ಲಿರಬೇಕು.

ಮತ್ತೆ, ಸ್ಟೆಂಟ್ ಇದೆ ಅಂತ ಕೀಳುವ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್ ಕೊಡುವುದು ಕಾಣುತ್ತಿರುತ್ತದೆ. ಅದು ಕೃತಕ ಕವಾಟ ಇದ್ದವರಿಗೆ, ಹಿಂದೆ ಎಂಡೋಕಾರ್ಡೈಟಿಸ್ (ಹೃದಯದ ಒಳಪೊರೆಯ ಸೋಂಕು) ಆದವರಿಗೆ, ಕೆಲವು ಹುಟ್ಟು ಹೃದ್ರೋಗಗಳಿಗೆ. ಸ್ಟೆಂಟಿಗೂ ಬೈಪಾಸಿಗೂ ಅಲ್ಲ.

---

ಮದ್ದೂರು ದಂತ:

ತುಂಬಾ ಉಪಕಾರ. ಟಿಕಾಗ್ರೆಲಾರ್ ಇಲ್ಲೇ ನುಂಗಿಸಿದೆ, ಒಟ್ಟು ಮೂರು ಡೋಸ್ ತಪ್ಪಿತ್ತು. ಮೈಸೂರಿಗೆ ಫೋನ್ ಮಾಡಿದ್ದೇನೆ, ಕರ್ತವ್ಯದಲ್ಲಿರುವ ಡಾಕ್ಟರು ವಾಪಸ್ ಕರೆಯುತ್ತಾರಂತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಎಫ್ 45, ಬಲಗಡೆಯ ನಾಳದಲ್ಲಿ 70% ಬ್ಲಾಕ್, "ಔಷಧದಲ್ಲೇ ನೋಡೋಣ" ಅಂತಿದೆ. ನಾಳೆ ಹತ್ತೂವರೆಗೆ ಬರಹೇಳಿದ್ದೇನೆ.

ಮೆಟ್ಟಿಲಿನ ಪ್ರಶ್ನೆ ಕೇಳಿದೆ. ಮೆಟ್ಟಿಲು ಹತ್ತುತ್ತಾರೆ, ಎದೆನೋವು ಇಲ್ಲ ಅಂದರು. ಆದರೆ ಇವತ್ತು ಬಸ್ ಸ್ಟ್ಯಾಂಡಿಂದ ಇಲ್ಲಿಗೆ ನಡೆದು ಬರುವಾಗ ಎಡದವಡೆ ಪೂರ್ತಿ ಹಿಂಡಿದ ಹಾಗಾಯಿತಂತೆ, ನಿಂತರೆ ಎರಡು ನಿಮಿಷಕ್ಕೆ ಹೋಯಿತಂತೆ. ನಿನ್ನೆ ಸಂಜೆಯಿಂದ ಹೀಗೆ. ಹಲ್ಲಿನದೇ ಇರಬೇಕು ಅಲ್ವಾ, ತಟ್ಟಿದರೆ ನೋವು ಇದೆಯಲ್ಲ?

---

ಇಸಿಜಿ ಪಟ್ಟಿ:

ಅಲ್ಲ. ತಟ್ಟಿದರೆ ಬರುವ ನೋವು ಹಲ್ಲಿನದು. ನಡೆದರೆ ಬಂದು, ನಿಂತರೆ ಹೋಗುವ ನೋವು ಹೃದಯದ್ದು ಅಂತಲೇ ಹಿಡಿಯಬೇಕು. ಹಲ್ಲಿಗೆ ಬಸ್ ಸ್ಟ್ಯಾಂಡ್ ಎಷ್ಟು ದೂರ ಅಂತ ಗೊತ್ತಾಗುವುದಿಲ್ಲ. ಹೃದಯದ ನೋವು ಕೆಳದವಡೆಗೆ ಬರುವುದು ಸಾಮಾನ್ಯ. ಶುಗರ್ ಇರುವವರಲ್ಲಿ ಎದೆ ಏನೂ ಅನ್ನದೆ ದವಡೆ ಮಾತ್ರ ಹಿಡಿಯಬಹುದು. ಮೂರು ಡೋಸ್ ತಪ್ಪಿದೆ, ನೋವು ನಿನ್ನೆ ಶುರುವಾಗಿದೆ, ಇನ್ನೊಂದು ನಾಳದಲ್ಲಿ 70% ಇದೆ. ನಾಳೆ ಹತ್ತೂವರೆ ರದ್ದು.

ನಡೆಸಬೇಡಿ, ಬಸ್ಸಿನಲ್ಲಿ ಕಳಿಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರೇ ಬೇಕು ಅಂತ ಹಟ ಬೇಡ, ಹತ್ತಿರದಲ್ಲಿ ಇಸಿಜಿ ತೆಗೆಯುವ ಕಡೆಗೆ ಮೊದಲು, ಅದು ನಿಮ್ಮ ತಾಲೂಕು ಆಸ್ಪತ್ರೆಯೇ ಆಗಿರಲಿ, ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಆಗಿರಲಿ. ಇಸಿಜಿ, ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ ತೋರಿಸುವ ರಕ್ತಪರೀಕ್ಷೆ) ನೋಡಿ ಮುಂದಿನದನ್ನು ಅವರು ಹೇಳುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿ ಕೊಡಿ, ಮೇಲೊಂದು ಚೀಟಿ ಲಗತ್ತಿಸಿ: ಯಾವ ಮಾತ್ರೆ, ಎಷ್ಟು ಡೋಸ್ ತಪ್ಪಿತು, ಎಷ್ಟು ಗಂಟೆಗೆ ಮತ್ತೆ ಕೊಟ್ಟಿದ್ದು.

ವಾಹನ ಬರುವ ಮುಂಚೆ ಕೂತಲ್ಲೇ ನೋವು ಬಂದರೆ: ನೆಟ್ಟಗೆ ಕೂರಿಸಿ. ಮೇಲಿನ ಬಿಪಿ 100ಕ್ಕಿಂತ ಹೆಚ್ಚಿದ್ದರೆ, ಸಿಲ್ಡೆನಾಫಿಲ್ ಜಾತಿಯ ಮಾತ್ರೆಯನ್ನು ಒಂದೆರಡು ದಿನದಲ್ಲಿ ತೆಗೆದುಕೊಂಡಿಲ್ಲ ಅಂತ ಖಚಿತವಾದರೆ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ 5 ನಾಲಿಗೆ ಕೆಳಗೆ. ಆ ಪ್ರಶ್ನೆಯನ್ನು ಮನೆಯವರನ್ನು ಹೊರಗೆ ಕಳಿಸಿ ಕೇಳಿ, ಇಲ್ಲದಿದ್ದರೆ ನಿಜ ಹೇಳುವುದಿಲ್ಲ. ಐದು ನಿಮಿಷಕ್ಕೆ ಇಳಿಯದಿದ್ದರೆ ಎಕೋಸ್ಪ್ರಿನ್ 75 ನಾಲ್ಕು ಮಾತ್ರೆ ಜಗಿದು ನುಂಗಲಿ. ಲೇಪನ ಇರುವುದರಿಂದ ಜಗಿಯಲೇಬೇಕು.

---

ಮದ್ದೂರು ದಂತ:

108 ಹೊರಟಿದೆ. ಈಗ ಕೂತಲ್ಲಿ ನೋವಿಲ್ಲ, ಬಿಪಿ 130/80. ಇರುವ ಹತ್ತು ನಿಮಿಷದಲ್ಲಿ ಹಲ್ಲನ್ನು ಮೇಲಿಂದ ತೆರೆದು ಕೀವಿಗೆ ದಾರಿ ಮಾಡಿಕೊಡಲಾ? ನರ ಸತ್ತಿರುವುದರಿಂದ ಸೂಜಿ ಬೇಕಾಗುವುದಿಲ್ಲ.

---

ಚಿಮುಟ:

ಬೇಡ. ಡ್ರಿಲ್ಲಿನ ಸದ್ದಿಗೇ ನಾಡಿ ಏರುತ್ತದೆ. ಕೆನ್ನೆಯ ಊತ ಒಂದು ಕಡೆಗಿದೆ, ಬಾಯಿ ತೆರೆಯುತ್ತಾರೆ, ಜ್ವರ ಇಲ್ಲ, ಅಂದರೆ ಹಲ್ಲಿಗೆ ಎರಡು ದಿನದ ಸಮಯ ಇದೆ. ಅಮಾಕ್ಸಿಸಿಲಿನ್ ಮೊದಲ ಡೋಸ್, ಪ್ಯಾರಾಸಿಟಮಾಲ್ 650 ಕೊಟ್ಟು ಕಳಿಸಿ. ನಾಲಿಗೆ ಕೆಳಗೆ ಗಟ್ಟಿಯಾಗಿ ಊದಿದರೆ, ನಾಲಿಗೆ ಮೇಲಕ್ಕೆ ದೂಡಿದ ಹಾಗಾದರೆ, ಎಂಜಲು ನುಂಗಲಾಗದೆ ಸುರಿದರೆ ಅಲ್ಲಿನವರಿಗೆ ತಕ್ಷಣ ಹೇಳಬೇಕು ಅಂತ ಮನೆಯವರಿಗೆ ಬರೆದುಕೊಡಿ, ಆಗ ಅದು ಉಸಿರಾಟದ ದಾರಿಗೇ ಕುತ್ತು. ಹಲ್ಲಿನ ಎಕ್ಸ್‌ರೇಯನ್ನು ಮೊಬೈಲಿನಲ್ಲಿ ತೆಗೆದು ಅವರ ಮಗನ ಫೋನಿಗೆ ಹಾಕಿ. ಅಡ್ಮಿಟ್ ಆದರೆ ಅಲ್ಲಿನ ದಂತ ವಿಭಾಗದವರು ಮಾನಿಟರ್ ಹಾಕಿಕೊಂಡೇ ಕೀಳಲಿ.

---

ಮದ್ದೂರು ದಂತ:

ಕೊಟ್ಟೆ. ವಾಹನ ಬಂತು, ಕಳಿಸುತ್ತಿದ್ದೇನೆ. ಮೈಸೂರಿನಿಂದಲೂ ಕರೆ ಬಂತು, ಇಸಿಜಿಯ ಫೋಟೋ ಅವರಿಗೇ ಕಳಿಸಲು ಹೇಳಿದ್ದಾರೆ.